ಎರಡು ಲೈನ್‌ಗೆ ಬಿಜಿಪಿ ಹಾಕುವುದು: ಮೊದಲು ಫಿಲ್ಟರ್, ಆಮೇಲೆ ನೇಬರ್

ಬಿಜಿಪಿ ಅಂದರೆ ಯಾವ ವಿಳಾಸಕ್ಕೆ ಯಾವ ದಾರಿ (ರೂಟ್) ಅಂತ ಬೇರೆ ಬೇರೆ ಜಾಲಗಳ ರೌಟರ್‌ಗಳು ಒಂದಕ್ಕೊಂದು ಹೇಳಿಕೊಳ್ಳುವ ಪ್ರೋಟೋಕಾಲ್. ಆಚೆ ತುದಿಯ ರೌಟರ್ ನೇಬರ್, ಅದರ ಜೊತೆಗಿನ ಮಾತುಕತೆ ಸೆಷನ್.

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಚಿಕ್ಕ ಇಂಟರ್ನೆಟ್ ಸಂಸ್ಥೆಯ ರೌಟರ್‌ಗೆ ಎರಡನೇ ಲೈನ್ ಸೇರಿಸುತ್ತಿದ್ದೆ. ರಾತ್ರಿ 11 ಗಂಟೆ ದಾಟಿತ್ತು. ನೇಬರ್ ಹಾಕಿದೆ, ಸೆಷನ್ ಅಪ್ ಆಯಿತು, ರೂಟ್‌ಗಳು ಬಂದವು. ಹೊರಗೆ ಕಳಿಸುವ ಕಡೆ ಫಿಲ್ಟರ್ ಇರಲಿಲ್ಲ, ಬೆಳಗ್ಗೆ ಹಾಕಿದರಾಯಿತು ಅಂದುಕೊಂಡಿದ್ದೆ. ಐದು ನಿಮಿಷವೂ ಆಗಿರಲಿಲ್ಲ, ಗ್ರಾಫ್‌ನಲ್ಲಿ ಎರಡೂ ಲೈನ್ ಒಟ್ಟಿಗೆ ಮೇಲೇರಿ, ತಲೆ ಕತ್ತರಿಸಿದ ಹಾಗೆ ಚಪ್ಪಟೆಯಾಗಿ ನಿಂತವು. ಫೋನ್ ಬಂತು. ಎರಡನೇ ಲೈನಿನವರ ಇಂಜಿನಿಯರ್: "ಸರ್, ನಿಮ್ಮ ಕಡೆಯಿಂದ ಲಕ್ಷಗಟ್ಟಲೆ ರೂಟ್ ಬರ್ತಿದೆ. ಏನಾದ್ರೂ ಚೇಂಜ್ ಮಾಡಿದ್ರಾ?"

ಆಗಿದ್ದು ಇಷ್ಟು. ಮೊದಲನೇ ಲೈನಿನವರು ಕೊಟ್ಟ ರೂಟ್‌ಗಳನ್ನೆಲ್ಲ ನನ್ನ ರೌಟರ್ ಎರಡನೇ ಲೈನಿನವರಿಗೆ ದಾಟಿಸಿತ್ತು. ಅವರ ಪಾಲಿಗೆ ನಾನು ದುಡ್ಡು ಕೊಡುವ ಗ್ರಾಹಕ. ಗ್ರಾಹಕರಿಂದ ಬಂದ ರೂಟ್‌ಗೆ ಎಲ್ಲ ದೊಡ್ಡ ಸಂಸ್ಥೆಗಳೂ ಮೊದಲ ಮಣೆ ಹಾಕುತ್ತವೆ. ಹಾಗಾಗಿ ಅವರ ಟ್ರಾಫಿಕ್ ನಮ್ಮ ಚಿಕ್ಕ ಲೈನಿನೊಳಗೆ ನುಗ್ಗಿ, ಇನ್ನೊಂದು ಲೈನಿನಿಂದ ಹೊರಗೆ ಹೋಗಲು ನೋಡಿತು. ಇದಕ್ಕೆ ರೂಟ್ ಲೀಕ್ ಅಂತಾರೆ. ಆವತ್ತಿನಿಂದ ನನ್ನ ಕ್ರಮವೇ ಬದಲಾಗಿದೆ. ಏನನ್ನು ಕಳಿಸಬೇಕು, ಏನನ್ನು ತೆಗೆದುಕೊಳ್ಳಬೇಕು ಅನ್ನುವುದನ್ನು ಮೊದಲು ಬರೆಯುತ್ತೇನೆ. ಸೆಷನ್ ತೆರೆಯುವುದು ಎಲ್ಲಕ್ಕಿಂತ ಕೊನೆಗೆ. ಈ ಲೇಖನವೂ ಅದೇ ಕ್ರಮದಲ್ಲಿದೆ.

ಬಿಜಿಪಿ ಹುಟ್ಟಿದ್ದು 1989ರಲ್ಲಿ. ಅಮೆರಿಕದ ಆಸ್ಟಿನ್‌ನಲ್ಲಿ ನಡೆದ ಸಭೆಯೊಂದರ ಊಟದ ಹೊತ್ತಿನಲ್ಲಿ ಕರ್ಕ್ ಲಾಹೀಡ್ ಮತ್ತು ಯಾಕೋವ್ ರೆಕ್ಟರ್ ಪೇಪರ್ ನ್ಯಾಪ್‌ಕಿನ್ ಮೇಲೆ ಅದರ ಮೊದಲ ರೂಪ ಬರೆದರು. ನಾವು ಇವತ್ತು ಬಳಸುವುದು ನಾಲ್ಕನೇ ಆವೃತ್ತಿ. ಆವತ್ತಿನ ಇಂಟರ್ನೆಟ್ ಚಿಕ್ಕದು, ಒಬ್ಬರನ್ನೊಬ್ಬರು ಬಲ್ಲವರ ಜಾಲ. ಪಕ್ಕದವನು ಹೇಳಿದ್ದನ್ನು ನಂಬುವುದೇ ಬಿಜಿಪಿಯ ಗುಣ. ಈ ಐಪಿ ವಿಳಾಸಗಳ ಬ್ಲಾಕ್ ನನ್ನದು ಅಂತ ನೀವು ಹೇಳಿದರೆ ಅದು ನಿಜವೋ ಸುಳ್ಳೋ ಅಂತ ಪ್ರೋಟೋಕಾಲ್ ತಾನಾಗಿ ಕೇಳುವುದಿಲ್ಲ. ಕೇಳುವ ಕೆಲಸ ನಮ್ಮದು.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದವು

ನಿಮಗೆ ಸ್ವಂತ ಎಎಸ್ ನಂಬರ್ (ಬಿಜಿಪಿಯಲ್ಲಿ ನಿಮ್ಮ ಜಾಲದ ಗುರುತಿನ ಸಂಖ್ಯೆ) ಬೇಕು, ಸ್ವಂತ ಐಪಿ ಬ್ಲಾಕ್ ಬೇಕು. ಭಾರತದಲ್ಲಿ ಇವೆರಡನ್ನೂ ಕೊಡುವುದು ನಿಕ್ಸಿ ಸಂಸ್ಥೆಯ ಅಡಿಯಲ್ಲಿರುವ ಐರಿನ್. ಐಪಿವಿ4ನಲ್ಲಿ ಕನಿಷ್ಠ /24, ಅಂದರೆ 256 ವಿಳಾಸಗಳ ಬ್ಲಾಕ್ ಇರಬೇಕು. ಗೆರೆಯ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಬ್ಲಾಕ್ ಚಿಕ್ಕದು. ಅದಕ್ಕಿಂತ ಚಿಕ್ಕದನ್ನು ಹೊರಜಗತ್ತು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಐಪಿವಿ6ನಲ್ಲಿ ಆ ಗಡಿ /48. ಲೈನ್ ಕೊಡುವವರು ಎಲ್‌ಒಎ ಅನ್ನುವ ಒಪ್ಪಿಗೆ ಪತ್ರ ಕೇಳುತ್ತಾರೆ. ಈ ಬ್ಲಾಕನ್ನು ಈ ಎಎಸ್‌ನಿಂದ ಸಾರಲು ನಮ್ಮ ಒಪ್ಪಿಗೆ ಇದೆ ಅಂತ ಲೆಟರ್‌ಹೆಡ್‌ನಲ್ಲಿ ಬರೆದು ಸಹಿ ಹಾಕಿ ಕೊಟ್ಟರಾಯಿತು. ಅವರು ತಮ್ಮ ಕಡೆಯ ಫಿಲ್ಟರ್‌ನಲ್ಲಿ ನಿಮ್ಮ ಬ್ಲಾಕ್ ಸೇರಿಸಲು ಒಂದೆರಡು ದಿನ ಹಿಡಿಯಬಹುದು, ಮೊದಲೇ ಕಳಿಸಿಬಿಡಿ.

ಇನ್ನೊಂದು ಕೆಲಸ ರೋಆ. ಈ ಬ್ಲಾಕನ್ನು ಸಾರುವ ಹಕ್ಕು ಇಂಥ ಎಎಸ್‌ಗೆ ಇದೆ ಅನ್ನುವ, ಡಿಜಿಟಲ್ ಸಹಿ ಇರುವ ದಾಖಲೆ ಅದು. ಬ್ಲಾಕ್ ಕೊಟ್ಟ ರಿಜಿಸ್ಟ್ರಿಯ ಪೋರ್ಟಲ್‌ನಲ್ಲೇ ಮಾಡಬೇಕು. ಇಲ್ಲಿ ಗರಿಷ್ಠ ಉದ್ದ ಅಂತ ಒಂದು ಖಾನೆ ಇರುತ್ತದೆ. ನೀವು ಸಾರುವುದು /24 ಆದರೆ ಅಲ್ಲಿ 24 ಅಂತಲೇ ತುಂಬಿ. ಮುಂದೆ ಬೇಕಾದೀತು ಅಂತ ಸುಮ್ನೆ ದೊಡ್ಡ ಸಂಖ್ಯೆ ಹಾಕಿದರೆ, ನಿಮ್ಮ ಎಎಸ್ ನಂಬರನ್ನು ಕದ್ದು ಬಳಸುವವನಿಗೆ ಚಿಕ್ಕ ತುಂಡುಗಳನ್ನು ಸಾರಲು ನೀವೇ ದಾರಿ ಬಿಟ್ಟ ಹಾಗಾಗುತ್ತದೆ. ಎಎಸ್ ನಂಬರನ್ನಂತೂ ಎರಡು ಸಲ ಓದಿ. ಅಲ್ಲಿ ಒಂದು ಅಂಕಿ ತಪ್ಪಿದರೆ, ರೋಆ ಪರೀಕ್ಷಿಸುವ ಜಾಲಗಳು ನಿಮ್ಮ ಸರಿಯಾದ ರೂಟನ್ನೇ ಕೆಟ್ಟದ್ದು ಅಂತ ಬಿಸಾಕುತ್ತವೆ.

ರೌಟರ್ ಹತ್ತಿರ ಹೋಗಲು ಬೇರೆ ದಾರಿಯೂ ಇರಲಿ. ಕನ್ಸೋಲ್ ಕೇಬಲ್ ಆಗಬಹುದು, ಸಿಮ್ ಹಾಕಿದ ಚಿಕ್ಕ ಮೋಡೆಮ್ ಆಗಬಹುದು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು 6 ಗಂಟೆ ಜಗತ್ತಿನಿಂದ ಮಾಯವಾಗಿದ್ದು ನೆನಪಿದೆ ಅಲ್ವಾ? ನಿರ್ವಹಣೆಗಾಗಿ ಕೊಟ್ಟ ಒಂದು ಕಮಾಂಡ್ ಅವರ ಒಳಗಿನ ಬೆನ್ನೆಲುಬು ಜಾಲವನ್ನೇ ಕಡಿದುಹಾಕಿತು. ಆಗ ಅವರ ಡಿಎನ್‌ಎಸ್ ಸರ್ವರ್‌ಗಳು (ತಾಣದ ಹೆಸರಿಗೆ ಐಪಿ ವಿಳಾಸ ಹೇಳುವಂಥವು) ತಮ್ಮ ಬಿಜಿಪಿ ಸಾರಿಕೆಯನ್ನು ವಾಪಸ್ ತೆಗೆದುಕೊಂಡವು. ದೂರದಿಂದ ಒಳಹೋಗುವ ದಾರಿಯೂ ಮುಚ್ಚಿದ್ದರಿಂದ ಇಂಜಿನಿಯರ್‌ಗಳು ಡೇಟಾ ಸೆಂಟರ್‌ಗೇ ಹೋಗಬೇಕಾಯಿತು.

ನಮ್ಮ ಉದಾಹರಣೆ

ರೌಟರ್ ಅಂದರೆ ಇಲ್ಲಿ ಲಿನಕ್ಸ್ ಸರ್ವರ್, ಅದರ ಮೇಲೆ ಎಫ್‌ಆರ್‌ಆರ್. ಇದು ಉಚಿತ, ಮುಕ್ತ ರೂಟಿಂಗ್ ತಂತ್ರಾಂಶ. ಕಮಾಂಡ್‌ಗಳು ಸಿಸ್ಕೊ ರೌಟರ್‌ನವನ್ನೇ ಹೋಲುತ್ತವೆ, ಆದ್ದರಿಂದ ಕಲಿತದ್ದು ಬೇರೆ ಕಡೆಯೂ ಉಪಯೋಗಕ್ಕೆ ಬರುತ್ತದೆ. ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ವಿಳಾಸ ಮತ್ತು ಎಎಸ್ ನಂಬರ್‌ಗಳು ಉದಾಹರಣೆಗೆಂದೇ ಮೀಸಲಿಟ್ಟವು, ಅವುಗಳ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ.

ನಮ್ಮ ಎಎಸ್ 64500, ನಮ್ಮ ಬ್ಲಾಕ್ 203.0.113.0/24. ಮುಖ್ಯ ಲೈನಿನವರ ಎಎಸ್ 64496, ಅವರ ಕಡೆಯ ವಿಳಾಸ 192.0.2.1. ಎರಡನೇ ಲೈನಿನವರ ಎಎಸ್ 64499, ಅವರ ವಿಳಾಸ 198.51.100.1. ಎರಡೂ ಲೈನ್‌ಗಳ ಇಂಟರ್‌ಫೇಸ್‌ಗೆ ಐಪಿ ಹಾಕಿ, ಆಚೆ ತುದಿ ಪಿಂಗ್ ಆಗುತ್ತದೆಯೇ ನೋಡಿ. ಪಿಂಗ್ ಬಾರದೆ ಮುಂದೆ ಹೋಗಬೇಡಿ.

ಎಫ್‌ಆರ್‌ಆರ್‌ನ ಡೀಮನ್ಸ್ ಫೈಲ್‌ನಲ್ಲಿ ಬಿಜಿಪಿಡಿ ಸಾಲಿನ ಮುಂದೆ 'ನೋ' ಇರುತ್ತದೆ. ಅದನ್ನು 'ಯೆಸ್' ಮಾಡಿ ಸೇವೆಯನ್ನು ರೀಸ್ಟಾರ್ಟ್ ಮಾಡಿ. ಲಿನಕ್ಸ್‌ನಲ್ಲಿ ಪ್ಯಾಕೆಟ್ ದಾಟಿಸುವ ಫಾರ್ವರ್ಡಿಂಗ್ ಆನ್ ಇರಲಿ. ಆರ್‌ಪಿ ಫಿಲ್ಟರ್ ಅನ್ನುವ ಸೆಟ್ಟಿಂಗ್ 1 ಇದ್ದರೆ 2 ಮಾಡಿ. ಎರಡು ಲೈನ್ ಇದ್ದಾಗ ಪ್ಯಾಕೆಟ್ ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸ್ ಬರುವುದು ಸಹಜ. 1 ಇದ್ದರೆ ಲಿನಕ್ಸ್ ಅಂಥದ್ದನ್ನು ಸದ್ದಿಲ್ಲದೆ ಬಿಸಾಕುತ್ತದೆ. ಬಿಜಿಪಿ ಎಲ್ಲ ಸರಿಯಾಗಿದ್ದೂ ಅರ್ಧ ವೆಬ್‌ಸೈಟ್ ತೆರೆಯುತ್ತಿಲ್ಲ ಅಂತ ದೂರು ಬಂದರೆ ಮೊದಲು ಇದನ್ನೇ ನೋಡಿ.

ಹಂತ 1: ಹೊರಗೆ ಕಳಿಸುವ ಪಟ್ಟಿ

ವಿಟಿವೈ ಶೆಲ್‌ಗೆ (ಎಫ್‌ಆರ್‌ಆರ್‌ಗೆ ಕಮಾಂಡ್ ಕೊಡುವ ಜಾಗ) ಹೋಗಿ, ಕಾನ್ಫಿಗರ್ ಟರ್ಮಿನಲ್ ಕೊಟ್ಟು, ಈ ಸಾಲುಗಳನ್ನು ಹಾಕಿ:

ಐಪಿ ರೂಟ್ 203.0.113.0/24 ಬ್ಲ್ಯಾಕ್‌ಹೋಲ್
ಐಪಿ ಪ್ರಿಫಿಕ್ಸ್-ಲಿಸ್ಟ್ ನಮ್ಮದು ಸೀಕ್ 10 ಪರ್ಮಿಟ್ 203.0.113.0/24
ರೂಟ್-ಮ್ಯಾಪ್ ಹೊರಗೆ ಪರ್ಮಿಟ್ 10
ಮ್ಯಾಚ್ ಐಪಿ ಅಡ್ರೆಸ್ ಪ್ರಿಫಿಕ್ಸ್-ಲಿಸ್ಟ್ ನಮ್ಮದು

ಮೊದಲ ಸಾಲು ನೋಡಿ ಗಾಬರಿ ಬೇಡ. ಬ್ಲ್ಯಾಕ್‌ಹೋಲ್ ಅಂದರೆ ನಿಮ್ಮ ಗ್ರಾಹಕರ ಟ್ರಾಫಿಕ್ ಕಳೆದುಹೋಗುವುದಿಲ್ಲ. ಬ್ಲಾಕ್‌ನ ಚಿಕ್ಕ ತುಂಡುಗಳಿಗೆ ಒಳಗೆ ಬೇರೆ ರೂಟ್ ಇರುತ್ತದೆ, ರೌಟರ್ ಯಾವಾಗಲೂ ಹೆಚ್ಚು ನಿಖರವಾದ ರೂಟನ್ನೇ ಆರಿಸುತ್ತದೆ. ಯಾರಿಗೂ ಕೊಡದ ವಿಳಾಸಕ್ಕೆ ಬಂದದ್ದು ಮಾತ್ರ ಇಲ್ಲಿ ಬೀಳುತ್ತದೆ. ರೂಟಿಂಗ್ ಟೇಬಲ್‌ನಲ್ಲಿ /24 ಸದಾ ಇರಲಿ, ಬಿಜಿಪಿ ಅದನ್ನು ಬಿಡದೆ ಸಾರಲಿ ಅನ್ನುವುದಕ್ಕೆ ಈ ಸಾಲು.

ಉಳಿದ ಮೂರು ಸಾಲುಗಳೇ ಆ ರಾತ್ರಿ ನನ್ನ ಬಳಿ ಇಲ್ಲದಿದ್ದವು. ಪ್ರಿಫಿಕ್ಸ್-ಲಿಸ್ಟ್ ಅಂದರೆ ಬ್ಲಾಕ್‌ಗಳ ಪಟ್ಟಿ, ಅದರಲ್ಲಿ ಒಂದೇ ಬ್ಲಾಕ್ ಇದೆ. ಆ ಪಟ್ಟಿ ನೋಡಿ ರೂಟನ್ನು ಬಿಡಬೇಕೋ ತಡೆಯಬೇಕೋ ಅಂತ ನಿರ್ಧರಿಸುವುದು ರೂಟ್-ಮ್ಯಾಪ್. ರೂಟ್-ಮ್ಯಾಪ್‌ನ ಕೊನೆಗೆ ಕಣ್ಣಿಗೆ ಕಾಣದ ಒಂದು 'ಡಿನೈ' ಇದ್ದೇ ಇರುತ್ತದೆ, ಪಟ್ಟಿಯಲ್ಲಿ ಇಲ್ಲದ್ದು ಹೊರಗೆ ಹೋಗುವುದಿಲ್ಲ. ಇದನ್ನು ತಿರುಗಿಸಿ, ಕಳಿಸಬಾರದ್ದರ ಪಟ್ಟಿ ಮಾಡಿ ಉಳಿದದ್ದನ್ನೆಲ್ಲ ಬಿಡುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮದು ಏನು ಅಂತ ನಿಮಗೆ ಪೂರ್ತಿ ಗೊತ್ತು. ನಿಮ್ಮದಲ್ಲದ್ದನ್ನು ಪಟ್ಟಿ ಮಾಡಿ ಮುಗಿಸಲು ಆಗುತ್ತದೆಯೇ?

ಹೆಸರಿನ ಕಾಗುಣಿತವನ್ನೂ ನೋಡಿಕೊಳ್ಳಿ. ಲಿಸ್ಟ್ ಮಾಡುವಾಗ ಒಂದು ಹೆಸರು, ಮ್ಯಾಚ್ ಸಾಲಿನಲ್ಲಿ ಒಂದಕ್ಷರ ಬೇರೆ ಆದರೆ ಕೆಲವು ರೌಟರ್‌ಗಳು ಎಲ್ಲವನ್ನೂ ತಡೆಯುತ್ತವೆ, ಕೆಲವು ಎಲ್ಲವನ್ನೂ ಬಿಟ್ಟುಬಿಡುತ್ತವೆ. ನಾನು ಹೆಸರನ್ನು ಟೈಪ್ ಮಾಡುವುದೇ ಇಲ್ಲ, ಕಾಪಿ ಮಾಡಿ ಹಾಕುತ್ತೇನೆ.

ಹಂತ 2: ಒಳಗೆ ತೆಗೆದುಕೊಳ್ಳುವ ಪಟ್ಟಿ

ಇಲ್ಲಿ ಒಂದು ತೀರ್ಮಾನ ಬೇಕು. ಇಡೀ ಇಂಟರ್ನೆಟ್‌ನ ಟೇಬಲ್ ಬೇಕೋ, ಬರೀ ಡಿಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದ ಎಲ್ಲದಕ್ಕೂ ಒಂದೇ ದಾರಿ) ಸಾಕೋ? ಐಪಿವಿ4ನ ಪೂರ್ತಿ ಟೇಬಲ್ ಈಗ 10 ಲಕ್ಷ ರೂಟ್‌ಗಳ ಆಸುಪಾಸಿನಲ್ಲಿದೆ. 8 ಜಿಬಿ ರ‍್ಯಾಮ್ ಇರುವ ಲಿನಕ್ಸ್ ಸರ್ವರ್‌ಗೆ ಅದು ಭಾರವಲ್ಲ. ಆದರೆ ಹಳೆಯ ಹಾರ್ಡ್‌ವೇರ್ ರೌಟರ್‌ಗಳಲ್ಲಿ ರೂಟ್ ಇಡುವ ಚಿಪ್‌ಗೆ ಮಿತಿ ಇರುತ್ತದೆ. 2014ರ ಆಗಸ್ಟ್ 12ರಂದು ಟೇಬಲ್ 5,12,000 ದಾಟಿದಾಗ ಜಗತ್ತಿನ ಹಲವು ಕಡೆ ಹಳೆಯ ರೌಟರ್‌ಗಳು ಮುಗ್ಗರಿಸಿದ್ದು ಇದೇ ಕಾರಣಕ್ಕೆ.

ನನ್ನ ಸಲಹೆ: ಮೊದಲ ವಾರ ಎರಡೂ ಕಡೆಯಿಂದ ಡಿಫಾಲ್ಟ್ ಮಾತ್ರ ತೆಗೆದುಕೊಳ್ಳಿ. ಎಲ್ಲ ನೆಲೆಗೆ ನಿಂತ ಮೇಲೆ ಪೂರ್ತಿ ಟೇಬಲ್‌ಗೆ ಹೋಗಿ. ಡಿಫಾಲ್ಟ್‌ನಲ್ಲಿ ಒಂದು ಕೊರತೆ ಇದೆ. ಲೈನ್ ಕೊಟ್ಟವರ ಹಿಂದಿನ ಸಂಪರ್ಕ ಕಡಿದುಹೋದರೂ ಅವರ ರೌಟರ್ ನಿಮಗೆ ಡಿಫಾಲ್ಟ್ ಕೊಡುತ್ತಲೇ ಇರಬಹುದು. ಆಗ ನಿಮ್ಮ ಟ್ರಾಫಿಕ್ ಆ ಕಡೆ ಹೋಗಿ ಸಾಯುತ್ತದೆ, ಎರಡನೇ ಲೈನ್ ಇದ್ದೂ ಇಲ್ಲದಂತೆ.

ಐಪಿ ಪ್ರಿಫಿಕ್ಸ್-ಲಿಸ್ಟ್ ಡಿಫಾಲ್ಟ್-ಮಾತ್ರ ಸೀಕ್ 10 ಪರ್ಮಿಟ್ 0.0.0.0/0
ರೂಟ್-ಮ್ಯಾಪ್ ಮುಖ್ಯ-ಒಳಗೆ ಪರ್ಮಿಟ್ 10
ಮ್ಯಾಚ್ ಐಪಿ ಅಡ್ರೆಸ್ ಪ್ರಿಫಿಕ್ಸ್-ಲಿಸ್ಟ್ ಡಿಫಾಲ್ಟ್-ಮಾತ್ರ
ಸೆಟ್ ಲೋಕಲ್-ಪ್ರಿಫರೆನ್ಸ್ 200

ಎರಡನೇ ಲೈನಿಗೂ ಇದೇ ರೀತಿ 'ಎರಡನೇ-ಒಳಗೆ' ಅನ್ನುವ ರೂಟ್-ಮ್ಯಾಪ್ ಮಾಡಿ, ಲೋಕಲ್-ಪ್ರಿಫರೆನ್ಸ್ 100 ಇಡಿ. ದೊಡ್ಡ ಸಂಖ್ಯೆ ಗೆಲ್ಲುತ್ತದೆ. ನಿಮ್ಮಿಂದ ಹೊರಗೆ ಹೋಗುವ ಟ್ರಾಫಿಕ್ ಮುಖ್ಯ ಲೈನ್ ಹಿಡಿಯುತ್ತದೆ.

ಪೂರ್ತಿ ಟೇಬಲ್‌ಗೆ ಹೋಗುವಾಗ ಈ ಪಟ್ಟಿ ಉದ್ದವಾಗುತ್ತದೆ. ನಿಮ್ಮದೇ ಬ್ಲಾಕ್ ಹೊರಗಿನಿಂದ ಬಂದರೆ ಡಿನೈ. 10.0.0.0/8, 172.16.0.0/12, 192.168.0.0/16, 100.64.0.0/10, 127.0.0.0/8, 169.254.0.0/16, 224.0.0.0/3, ಹೊರಗಿನ ಇಂಟರ್ನೆಟ್‌ನಿಂದ ಬರಬಾರದ ಇವೆಲ್ಲವೂ ತಮ್ಮ ತುಂಡುಗಳ ಸಮೇತ ಡಿನೈ. ಕೊನೆಗೆ /8ರಿಂದ /24ರವರೆಗಿನ ಉದ್ದದ್ದಕ್ಕೆ ಪರ್ಮಿಟ್. ಜೊತೆಗೆ ರೌಟಿನೇಟರ್‌ನಂಥ ತಂತ್ರಾಂಶ ಹಾಕಿಕೊಂಡು, ರೋಆಗೆ ಹೊಂದದ ರೂಟ್‌ಗಳನ್ನು ತಡೆಯಿರಿ.

ಈ ತಡೆ ಯಾಕೆ ಬೇಕು ಅನ್ನುವುದಕ್ಕೆ 2008ರ ಫೆಬ್ರವರಿ 24 ನೋಡಿ. ಯೂಟ್ಯೂಬ್ ಸಾರುತ್ತಿದ್ದ ಬ್ಲಾಕ್ 208.65.152.0/22. ಪಾಕಿಸ್ತಾನದೊಳಗೆ ಯೂಟ್ಯೂಬ್ ತಡೆಯಲು ಪಾಕಿಸ್ತಾನ್ ಟೆಲಿಕಾಂ 208.65.153.0/24 ಅನ್ನುವ ಚಿಕ್ಕ ತುಂಡನ್ನು ಸಾರಿತು. ಒಳಗೇ ಇರಬೇಕಿದ್ದ ರೂಟ್ ಹೊರಗೆ ಹೋಯಿತು. ಅವರಿಗೆ ಲೈನ್ ಕೊಟ್ಟವರೂ ತಡೆಯಲಿಲ್ಲ. /22ಕ್ಕಿಂತ /24 ನಿಖರ, ಆದ್ದರಿಂದ ಜಗತ್ತಿನ ಯೂಟ್ಯೂಬ್ ಟ್ರಾಫಿಕ್ ಸುಮಾರು ಎರಡು ಗಂಟೆ ಆ ಕಡೆ ಹರಿಯಿತು. ಹೊರಗೆ ಕಳಿಸುವಲ್ಲಿ ಒಂದು, ಒಳಗೆ ತೆಗೆದುಕೊಳ್ಳುವಲ್ಲಿ ಒಂದು, ಎರಡರಲ್ಲಿ ಯಾವ ಫಿಲ್ಟರ್ ಇದ್ದಿದ್ದರೂ ಅದು ಅಲ್ಲೇ ನಿಲ್ಲುತ್ತಿತ್ತು.

ಹಂತ 3: ನೇಬರ್, ಆದರೆ ಮುಚ್ಚಿದ ಸ್ಥಿತಿಯಲ್ಲಿ

ರೌಟರ್ ಬಿಜಿಪಿ 64500
ಬಿಜಿಪಿ ರೌಟರ್-ಐಡಿ 203.0.113.1
ನೇಬರ್ 192.0.2.1 ರಿಮೋಟ್-ಎಎಸ್ 64496
ನೇಬರ್ 192.0.2.1 ಶಟ್‌ಡೌನ್
ನೇಬರ್ 192.0.2.1 ಪಾಸ್‌ವರ್ಡ್ (ಇಬ್ಬರೂ ಒಪ್ಪಿಕೊಂಡದ್ದು)
ಅಡ್ರೆಸ್-ಫ್ಯಾಮಿಲಿ ಐಪಿವಿ4 ಯೂನಿಕಾಸ್ಟ್
ನೆಟ್‌ವರ್ಕ್ 203.0.113.0/24
ನೇಬರ್ 192.0.2.1 ರೂಟ್-ಮ್ಯಾಪ್ ಮುಖ್ಯ-ಒಳಗೆ ಇನ್
ನೇಬರ್ 192.0.2.1 ರೂಟ್-ಮ್ಯಾಪ್ ಹೊರಗೆ ಔಟ್
ನೇಬರ್ 192.0.2.1 ಮ್ಯಾಕ್ಸಿಮಮ್-ಪ್ರಿಫಿಕ್ಸ್ 10

ಎರಡನೇ ಲೈನಿಗೂ ಇಷ್ಟೇ. ವಿಳಾಸ, ಎಎಸ್ ನಂಬರ್ ಮತ್ತು ಒಳಗಿನ ರೂಟ್-ಮ್ಯಾಪ್ ಬದಲಾಗುತ್ತವೆ, ಹೊರಗಿನದು ಅದೇ.

ರಿಮೋಟ್-ಎಎಸ್ ಸಾಲಿನ ಬೆನ್ನಿಗೇ ಶಟ್‌ಡೌನ್ ಬಂದಿದೆ, ಗಮನಿಸಿ. ಉಳಿದದ್ದನ್ನು ಟೈಪ್ ಮಾಡುತ್ತಿರುವಾಗಲೇ ಸೆಷನ್ ಅಪ್ ಆಗಬಾರದು. ಮ್ಯಾಕ್ಸಿಮಮ್-ಪ್ರಿಫಿಕ್ಸ್ ಎರಡನೇ ಬೀಗ. ಫಿಲ್ಟರ್ ಯಾವತ್ತಾದರೂ ಕೈಕೊಟ್ಟು ರೂಟ್‌ಗಳು ನುಗ್ಗಿದರೆ ಸೆಷನ್ ತಾನಾಗಿ ಬೀಳುತ್ತದೆ. ಪೂರ್ತಿ ಟೇಬಲ್‌ಗೆ ಹೋಗುವ ದಿನ ಈ 10 ಅನ್ನು ಮೊದಲು 13 ಲಕ್ಷಕ್ಕೋ ಅದಕ್ಕಿಂತ ಜಾಸ್ತಿಗೋ ಏರಿಸಿ, ಆಮೇಲೆ ಫಿಲ್ಟರ್ ಬದಲಿಸಿ. ಉಲ್ಟಾ ಮಾಡಿದರೆ ಲೈನ್ ಬೀಳುತ್ತದೆ.

ಒಮ್ಮೆ ಇಡೀ ಕಾನ್ಫಿಗ್ ತೆರೆದು ಓದಿ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಅವರಿಗೆ ಗಟ್ಟಿಯಾಗಿ ಓದಿ ಹೇಳಿ. ನಮ್ಮ ಕಣ್ಣಿಗೆ ಬೀಳದ ತಪ್ಪು ಅವರ ಕಿವಿಗೆ ಬೀಳುತ್ತದೆ.

ಹಂತ 4: ತೆರೆಯುವುದು, ನೋಡುವುದು

ಮೊದಲು ಮುಖ್ಯ ಲೈನ್ ಒಂದನ್ನೇ ತೆರೆಯಿರಿ: ನೋ ನೇಬರ್ 192.0.2.1 ಶಟ್‌ಡೌನ್. ಆಮೇಲೆ 'ಶೋ ಬಿಜಿಪಿ ಸಮ್ಮರಿ' ಕೊಡಿ. ಕೊನೆಯ ಕಡೆಯ ಕಾಲಂಗಳಲ್ಲಿ ಒಂದರಲ್ಲಿ ಸ್ಥಿತಿ ಕಾಣುತ್ತದೆ. 'ಆಕ್ಟಿವ್' ಅಂತ ಕಂಡರೆ ಖುಷಿಪಡಬೇಡಿ, ಸಂಪರ್ಕಕ್ಕಾಗಿ ಇನ್ನೂ ಒದ್ದಾಡುತ್ತಿದೆ ಅಂತ ಅದರ ಅರ್ಥ. ಫೈರ್‌ವಾಲ್‌ನಲ್ಲಿ ಟಿಸಿಪಿ 179 ಪೋರ್ಟ್ ಮುಚ್ಚಿರಬಹುದು, ಪಾಸ್‌ವರ್ಡ್ ಬೇರೆ ಇರಬಹುದು, ಅಥವಾ ಆಚೆಯವರು ಇನ್ನೂ ಹಾಕೇ ಇಲ್ಲದಿರಬಹುದು. ಅಪ್ ಆಗಲು ಹೋಗಿ ಮತ್ತೆ ಮತ್ತೆ ಬೀಳುತ್ತಿದ್ದರೆ ಲಾಗ್ ನೋಡಿ. ಎಎಸ್ ನಂಬರ್ ಹೊಂದದಿದ್ದರೆ ಅಲ್ಲಿ 'ಬ್ಯಾಡ್ ಪಿಯರ್ ಎಎಸ್' ಅಂತ ಬರುತ್ತದೆ.

ಸ್ಥಿತಿಯ ಜಾಗದಲ್ಲಿ ಸಂಖ್ಯೆ ಕಂಡರೆ ಸೆಷನ್ ಅಪ್ ಆಗಿದೆ. ನಮ್ಮ ಉದಾಹರಣೆಯಲ್ಲಿ ಅದು 1 ಇರಬೇಕು. ಸಂಖ್ಯೆಯ ಬದಲು ಆವರಣದೊಳಗೆ 'ಪಾಲಿಸಿ' ಅಂತ ಬಂದರೆ ನೀವು ರೂಟ್-ಮ್ಯಾಪ್ ಅಂಟಿಸುವುದನ್ನು ಮರೆತಿದ್ದೀರಿ. ಫಿಲ್ಟರ್ ಇಲ್ಲದ ಹೊರಗಿನ ಸೆಷನ್‌ನಲ್ಲಿ ಏನನ್ನೂ ತೆಗೆದುಕೊಳ್ಳಬಾರದು, ಏನನ್ನೂ ಕಳಿಸಬಾರದು ಅನ್ನುವ ನಿಯಮ 2017ರಲ್ಲಿ ಬಂತು. ಎಫ್‌ಆರ್‌ಆರ್‌ನ ಹೊಸ ಆವೃತ್ತಿಗಳು ಅದನ್ನು ಪಾಲಿಸುತ್ತವೆ. ಇದನ್ನು ಆಫ್ ಮಾಡುವ ಒಂದು ಸಾಲಿನ ಕಮಾಂಡ್ ಅಲ್ಲಲ್ಲಿ ಕಣ್ಣಿಗೆ ಬೀಳುತ್ತದೆ. ಅದನ್ನು ಹಾಕಬೇಡಿ, ರೂಟ್-ಮ್ಯಾಪ್ ಹಾಕಿ.

ಈಗ ಈ ಲೇಖನದಲ್ಲೇ ಎಲ್ಲಕ್ಕಿಂತ ಮುಖ್ಯವಾದ ಕಮಾಂಡ್:

ಶೋ ಐಪಿ ಬಿಜಿಪಿ ನೇಬರ್ಸ್ 192.0.2.1 ಅಡ್ವರ್ಟೈಸ್ಡ್-ರೂಟ್ಸ್

ಇಲ್ಲಿ ಒಂದೇ ಒಂದು ರೂಟ್ ಕಾಣಬೇಕು, ನಿಮ್ಮ /24. ಎರಡು ಕಂಡರೂ ತಕ್ಷಣ ಶಟ್‌ಡೌನ್ ಕೊಟ್ಟು ಆಮೇಲೆ ಯೋಚಿಸಿ. ಸರಿ ಇದ್ದರೆ ಎರಡನೇ ಲೈನ್ ತೆರೆದು ಅಲ್ಲೂ ಇದನ್ನೇ ನೋಡಿ. ಎರಡನೆಯದು ಅಪ್ ಆದ ಮೇಲೆ ಮತ್ತೊಮ್ಮೆ ಮೊದಲನೆಯದನ್ನು ನೋಡಿ. ಒಂದೇ ಲೈನ್ ಇದ್ದಾಗ ಲೀಕ್ ಮಾಡಲು ಏನೂ ಇರುವುದಿಲ್ಲ. ತಪ್ಪು ಹೊರಬೀಳುವುದು ಎರಡೂ ಇದ್ದಾಗಲೇ.

ಹೊರಗೆ ಹೋಗುವ ಟ್ರಾಫಿಕ್ ಹಳೆಯ ದಾರಿಯಲ್ಲೇ ಹೋಗುತ್ತಿದ್ದರೆ, ಸರ್ವರ್ ಇನ್‌ಸ್ಟಾಲ್ ಮಾಡುವಾಗ ಹಾಕಿದ ಗೇಟ್‌ವೇ ಇನ್ನೂ ಇದೆಯೇ ನೋಡಿ. ಲಿನಕ್ಸ್ ಕರ್ನಲ್‌ನಲ್ಲಿ ಕೂತ ಆ ಡಿಫಾಲ್ಟ್, ಬಿಜಿಪಿ ತಂದ ಡಿಫಾಲ್ಟ್‌ಗಿಂತ ಮೇಲು. ಅದನ್ನು ತೆಗೆಯುವ ಮುಂಚೆ ನೀವು ಒಳಬಂದಿರುವುದು ಅದೇ ದಾರಿಯಿಂದ ಅಲ್ಲ ಅಂತ ಖಚಿತ ಮಾಡಿಕೊಳ್ಳಿ.

ಹೊರಗಿನಿಂದಲೂ ನೋಡಬೇಕು. ರೈಪ್‌ಸ್ಟ್ಯಾಟ್ ತಾಣದಲ್ಲಿ ನಿಮ್ಮ ಬ್ಲಾಕ್ ಹಾಕಿದರೆ ಅದು ಯಾವ ಎಎಸ್‌ನಿಂದ ಕಾಣುತ್ತಿದೆ, ರೋಆ ಸರಿ ಇದೆಯೇ ಎಲ್ಲ ತಿಳಿಯುತ್ತದೆ.

ಒಳಬರುವ ಟ್ರಾಫಿಕ್‌ನ ವಿಚಾರ

ಹೊರಹೋಗುವುದು ನಿಮ್ಮ ಮಾತು ಕೇಳುತ್ತದೆ, ಒಳಬರುವುದು ಕೇಳುವುದಿಲ್ಲ. ಎರಡನೇ ಲೈನಿನಲ್ಲಿ ಕಡಿಮೆ ಬರಲಿ ಅಂದರೆ, ಆ ಕಡೆಗೆ ಬೇರೆ ಹೊರ ರೂಟ್-ಮ್ಯಾಪ್ ಮಾಡಿ 'ಸೆಟ್ ಎಎಸ್-ಪಾತ್ ಪ್ರಿಪೆಂಡ್ 64500 64500' ಹಾಕಬಹುದು. ದಾರಿ ಉದ್ದ ಅಂತ ತೋರಿಸುವ ಉಪಾಯ ಇದು. ಎರಡಕ್ಕಿಂತ ಜಾಸ್ತಿ ಸಲ ಹಾಕಿ ಹೆಚ್ಚು ಲಾಭವಿಲ್ಲ. ಎರಡನೇ ಲೈನಿನವರ ಸ್ವಂತ ಗ್ರಾಹಕರ ಟ್ರಾಫಿಕ್ ಹೇಗೂ ಅಲ್ಲಿಂದಲೇ ಬರುತ್ತದೆ, ಏಕೆಂದರೆ ಲೋಕಲ್-ಪ್ರಿಫರೆನ್ಸ್ ದಾರಿಯ ಉದ್ದಕ್ಕಿಂತ ಮೊದಲು ನೋಡುವಂಥದ್ದು. ಅದನ್ನೂ ತಿರುಗಿಸಬೇಕೆಂದರೆ ಅವರ ಕಮ್ಯುನಿಟಿ (ರೂಟ್‌ಗೆ ಅಂಟಿಸುವ ಗುರುತು ಸಂಖ್ಯೆ) ಪಟ್ಟಿ ಕೇಳಿ ಪಡೆಯಿರಿ. ಅದರಲ್ಲಿ ಸರಿಯಾದ ಸಂಖ್ಯೆ ಅಂಟಿಸಿದರೆ ಅವರ ಕಡೆಯ ಆದ್ಯತೆಯೇ ಇಳಿಯುತ್ತದೆ.

ಐಪಿವಿ6ಗೆ ಇಡೀ ಕೆಲಸ ಇನ್ನೊಮ್ಮೆ ಮಾಡಬೇಕು. ಬೇರೆ ಪ್ರಿಫಿಕ್ಸ್-ಲಿಸ್ಟ್, ಬೇರೆ ರೂಟ್-ಮ್ಯಾಪ್. ಐಪಿವಿ4ನ ಫಿಲ್ಟರ್ ಅದನ್ನು ಕಾಯುವುದಿಲ್ಲ.

ಹಂತ 5: ಕೇಬಲ್ ಕಿತ್ತು ನೋಡಿ

ಎರಡು ಲೈನ್‌ಗೆ ದುಡ್ಡು ಕೊಡುವುದು ಒಂದು ಹೋದಾಗ ಇನ್ನೊಂದು ನಡೆಸಲಿ ಅಂತ. ಅದು ನಡೆಸುತ್ತದೆಯೇ ಅಂತ ಕೈಯಾರೆ ನೋಡಿಯೇ ತಿಳಿಯಬೇಕು. ಟ್ರಾಫಿಕ್ ಕಡಿಮೆ ಇರುವ ಹೊತ್ತಿನಲ್ಲಿ, ಬೆಳಗಿನ ಜಾವ 4 ಗಂಟೆಗೆ, ಹೊರಗಿನ ಒಂದು ವಿಳಾಸಕ್ಕೆ ಪಿಂಗ್ ಬಿಟ್ಟು ಮುಖ್ಯ ಲೈನಿನ ಫೈಬರ್ ಕೀಳಿ.

ರೌಟರ್‌ಗೆ ನೇರವಾಗಿ ಬಂದ ಫೈಬರ್ ಆದರೆ ಪೋರ್ಟ್ ಡೌನ್ ಆಗಿ ಬಿಜಿಪಿ ಕೂಡಲೇ ಎಚ್ಚೆತ್ತುಕೊಳ್ಳುತ್ತದೆ. ನಮ್ಮ ಕಡೆ ಬಹಳ ಸಲ ನಡುವೆ ಮೀಡಿಯಾ ಕನ್ವರ್ಟರ್ ಇರುತ್ತದೆ, ಇಲ್ಲವೇ ಒಂದು ಸ್ವಿಚ್. ಆಗ ಆಚೆ ಫೈಬರ್ ಕಡಿದರೂ ರೌಟರ್‌ನ ಪೋರ್ಟ್‌ನಲ್ಲಿ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಬಿಜಿಪಿಗೆ ಗೊತ್ತಾಗುವುದು ಹೋಲ್ಡ್ ಟೈಮರ್ (ನೇಬರ್‌ನಿಂದ ಸುದ್ದಿ ಬಾರದೆ ಕಾಯುವ ಅವಧಿ) ಮುಗಿದ ಮೇಲೆ, ಅಂದರೆ ಮಾಮೂಲಿ ಸೆಟ್ಟಿಂಗ್‌ನಲ್ಲಿ 180 ಸೆಕೆಂಡ್ ಆದ ಮೇಲೆ. ಮೂರು ನಿಮಿಷ ಇಂಟರ್ನೆಟ್ ಇಲ್ಲ ಅಂದರೆ ಕಸ್ಟಮರ್ ಕೇರ್ ಫೋನ್ ಎಷ್ಟು ಸಲ ಹೊಡೆದುಕೊಳ್ಳುತ್ತದೆ ಗೊತ್ತಲ್ಲ. 'ನೇಬರ್ 192.0.2.1 ಟೈಮರ್ಸ್ 10 30' ಹಾಕಿದರೆ ಅದು 30 ಸೆಕೆಂಡ್‌ಗೆ ಇಳಿಯುತ್ತದೆ. ಹೊಸ ಟೈಮರ್ ಲೆಕ್ಕಕ್ಕೆ ಬರುವುದು ಸೆಷನ್ ಮತ್ತೆ ಅಪ್ ಆದ ಮೇಲೆ. ಆಚೆಯವರು ಒಪ್ಪಿದರೆ ಬಿಎಫ್‌ಡಿ (ಲೈನ್ ಬಿದ್ದದ್ದನ್ನು ಬೇಗ ಪತ್ತೆ ಹಚ್ಚುವ ಪ್ರೋಟೋಕಾಲ್) ಹಾಕಿಸಿ, ಒಂದು ಸೆಕೆಂಡ್ ಒಳಗೇ ತಿಳಿಯುತ್ತದೆ.

ಫೈಬರ್ ಮತ್ತೆ ಹಾಕಿ, ಎಲ್ಲ ವಾಪಸ್ ಬಂದ ಮೇಲೆ ಎರಡನೇ ಲೈನನ್ನೂ ಹೀಗೇ ಕಿತ್ತು ನೋಡಿ.

ಇಷ್ಟಾದ ಮೇಲೆ 'ರೈಟ್ ಮೆಮೊರಿ' ಕೊಡಿ, ಕಾನ್ಫಿಗ್‌ನ ಒಂದು ಪ್ರತಿಯನ್ನು ಬೇರೆ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ಹಂತ 3ರಲ್ಲೇ ಒಮ್ಮೆ ಸೇವ್ ಮಾಡಿ ಇಲ್ಲಿ ಮರೆತಿದ್ದರೆ, ಡಿಸ್ಕ್‌ನಲ್ಲಿ ಇರುವುದು ಶಟ್‌ಡೌನ್ ಸಾಲುಗಳಿರುವ ಹಳೆಯ ಕಾನ್ಫಿಗ್. ತಿಂಗಳುಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿ ಕುಸಿದು ರೌಟರ್ ರೀಬೂಟ್ ಆದರೆ ಎರಡೂ ನೇಬರ್ ಮುಚ್ಚಿಕೊಂಡೇ ಮೇಲೇಳುತ್ತವೆ. ಉಳಿಸಿದ ಫೈಲ್ ತೆರೆದು ಶಟ್‌ಡೌನ್ ಅನ್ನುವ ಪದ ಹುಡುಕಿ. ಅದು ಸಿಗದಿದ್ದರೆ ಹೋಗಿ ಮಲಗಬಹುದು.